ಕಾತ್ರಜ: ಪುಣೆಯ ದಕ್ಷಿಣ ಬಾಗಿಲು

ಕಾತ್ರಜ ಮಹಾರಾಷ್ಟ್ರದ ಪುಣೆ ನಗರದ ದಕ್ಷಿಣ ಅಂಚಿನಲ್ಲಿ, ಸಾತಾರಾ ರಸ್ತೆಯ ಮೇಲಿರುವ ಬಡಾವಣೆ. ಹಿಂದೆ ಇದು ಘಾಟಿಯ ಬುಡದ ಹಳ್ಳಿಯಾಗಿತ್ತು. ಸ್ವಾರ್ಗೇಟ್ ಬಸ್ ನಿಲ್ದಾಣದಿಂದ ಆರೇಳು ಕಿ.ಮೀ., ಪೇಶ್ವೆಯರ ಅರಮನೆಯಾಗಿದ್ದ ಶನಿವಾರವಾಡೆಯಿಂದ ಎಂಟೊಂಬತ್ತು ಕಿ.ಮೀ. ದೂರದಲ್ಲಿದೆ. ಪೇಶ್ವೆಯರ ಕಾಲದ ಕೆರೆ, ಆ ಕೆರೆಯ ನೀರನ್ನು ನೆಲದಡಿಯಲ್ಲೇ ಪುಣೆಯ ಪೇಟೆಗಳಿಗೆ ಒಯ್ದ ಕಾಲುವೆ, ಬೆನ್ನಿಗೆ ಆತುಕೊಂಡಿರುವ ಘಾಟಿ, ಇವು ಮೂರೂ ಇಲ್ಲಿನ ಚರಿತ್ರೆಯ ನೆಲೆಗಳು. ಪುಣೆ ಸುತ್ತಲಿನ ಗುಹೆ, ಗುಡಿ, ಕೋಟೆಗಳನ್ನು ನೋಡಲು ದಕ್ಷಿಣದಿಂದ ಬರುವವರು ಮೊದಲು ಹಾದುಹೋಗುವ ಊರೂ ಇದೇ.

ಕನ್ನಡ ಪ್ರಯಾಣಿಕರ ಪಾಲಿಗೆ ಮಾತ್ರ ಕಾತ್ರಜ ಎಂದರೆ ನಿದ್ದೆ ಮುರಿಯುವ ಜಾಗ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ರಾತ್ರಿ ಹೊರಟ ಬಸ್ಸು ನಸುಕಿನಲ್ಲಿ ಬೆಟ್ಟ ದಾಟುತ್ತದೆ. ಕ್ಲೀನರ್ ಹುಡುಗ ಸೀಟಿನ ಕಂಬಿ ಬಡಿಯುತ್ತ "ಕಾತ್ರಜ್ ಇಳಿಯೋರು ಯಾರದೀರಿ, ಮುಂದ ಬರ್ರಿ" ಎನ್ನುತ್ತಾನೆ. ಅರೆಗಣ್ಣಲ್ಲಿ ಚೀಲ ಹುಡುಕಿ, ಚಪ್ಪಲಿ ತಡಕಿ ಇಳಿಯುವವರಿಗೆ ಎದುರಾಗುವುದು ರಿಕ್ಷಾ ಸಾಲು, ಚಹದ ಗಾಡಿ, ಫ್ಲೈಓವರಿನ ಕಂಬ. ತಾವು ನಿಂತ ರಸ್ತೆಯ ಆಸುಪಾಸಿನಲ್ಲೇ, ಕಾಲಡಿಯಲ್ಲಿ, ಇನ್ನೂರೆಪ್ಪತ್ತು ವರ್ಷ ಹಳೆಯ ಕಲ್ಲು ಗಾರೆಯ ಸುರಂಗವೊಂದು ಪುಣೆಯ ಕಡೆಗೆ ಇಳಿದು ಹೋಗಿದೆ ಎಂಬುದು ಅವರಲ್ಲಿ ಬಹುತೇಕರಿಗೆ ತಿಳಿದಿರುವುದಿಲ್ಲ. ಪುಣೆಯಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೂ ತಿಳಿದಿಲ್ಲವಾದ್ದರಿಂದ ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸ್ಪೇನಿನ ಸೆಗೋವಿಯಾದಲ್ಲೋ ದಕ್ಷಿಣ ಫ್ರಾನ್ಸಿನಲ್ಲೋ ರೋಮನ್ನರ ನೀರುಗಾಲುವೆ ಕಮಾನುಗಳ ಮೇಲೆ ಎದ್ದು ನಿಂತಿದೆ, ಅದರ ಎದುರು ನಿಂತು ಫೋಟೊ ತೆಗೆಸಿಕೊಳ್ಳಬಹುದು. ಕಾತ್ರಜದ ಕಾಲುವೆ ಮಣ್ಣೊಳಗಿದೆ. ಅದನ್ನು ನೋಡಬೇಕಾದರೆ ಅದು ಇದೆ ಎಂದು ಮೊದಲೇ ಗೊತ್ತಿರಬೇಕು.

ನೆಲ ಮತ್ತು ದಾರಿ

ಪುಣೆಯ ದಕ್ಷಿಣಕ್ಕೆ ಸಹ್ಯಾದ್ರಿಯಿಂದ ಕವಲೊಡೆದ ಬೆಟ್ಟಸಾಲೊಂದು ಪೂರ್ವಕ್ಕೆ ಚಾಚಿದೆ. ಪಶ್ಚಿಮಕ್ಕೆ ಸಿಂಹಗಡ, ನಡುವೆ ಕಾತ್ರಜ, ಆಚೆಗೆ ಬಾಪದೇವ ಮತ್ತು ದಿವೆ ಘಾಟಿಗಳು, ಇನ್ನೂ ಮುಂದೆ ಭುಲೇಶ್ವರ. ದಕ್ಷಿಣದಿಂದ ಪುಣೆಗೆ ಬರುವ ಯಾರೇ ಆಗಲಿ, ದಂಡು, ಎತ್ತಿನ ಹೇರು, ಪಂಢರಪುರದಿಂದ ಮರಳುವ ವಾರಕರಿ, ಈ ಸಾಲನ್ನು ಎಲ್ಲಾದರೂ ಒಂದು ಕಡೆ ದಾಟಲೇಬೇಕು. ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಾಲಖಿ ಇಂದಿಗೂ ದಿವೆ ಘಾಟಿ ಹತ್ತುತ್ತದೆ. ಸಾತಾರಾ, ಕೊಲ್ಲಾಪುರ, ಬೆಳಗಾವಿಗಳ ದಾರಿ ಮಾತ್ರ ಕಾತ್ರಜದ್ದು. ಬ್ರಿಟಿಷರ ಕಾಲದ ಹಳೆಯ ಸುರಂಗ ಘಾಟಿಯ ನೆತ್ತಿಯ ಹತ್ತಿರ ಈಗಲೂ ಇದೆ. ಆ ದಾರಿ ಸುತ್ತಿ ಬಳಸಿ ಇಳಿದು ಕಾತ್ರಜ ಚೌಕಕ್ಕೆ ಬರುತ್ತದೆ. ಹೆದ್ದಾರಿಯ ಜೋಡಿ ಸುರಂಗ ಹೊಸದು, ಅದು ವಾಹನಗಳನ್ನು ಊರ ಹೊರಗಿನ ಬೈಪಾಸಿಗೆ ಒಯ್ಯುತ್ತದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಎನಿಸಿಕೊಂಡಿದ್ದ ಈ ರಸ್ತೆಯ ಸಂಖ್ಯೆ ಈಗ 48.

ಬೆಟ್ಟದ ಈ ಬಾಗಿನಲ್ಲಿ ಮೂರು ಕಡೆಯ ಇಳಿಜಾರಿನ ಮಳೆನೀರು ಕೂಡಿ ಆಂಬಿಲ್ ಓಢಾ ಎಂಬ ಹಳ್ಳವಾಗುತ್ತದೆ. ಓಢಾ ಎಂದರೆ ಹಳ್ಳ. ನಮ್ಮ ಗಡಿನಾಡಿನ ಮರಾಠಿಯಲ್ಲೂ ಇದೇ ಮಾತು. ಹಳ್ಳ ಪಾರ್ವತಿ ಗುಡ್ಡದ ಪಕ್ಕದಿಂದ ಹರಿದು ಮುಠಾ ನದಿ ಸೇರುತ್ತದೆ. ಕಾತ್ರಜದ ಚರಿತ್ರೆಯೆಲ್ಲ ಈ ಹಳ್ಳದಿಂದ ಶುರುವಾಗುತ್ತದೆ.

ಕೆರೆ ಮತ್ತು ಕಾಲುವೆ

ಮೊದಲನೆಯ ಬಾಜೀರಾಯ ಪೇಶ್ವೆ 1730ರ ಜನವರಿಯಲ್ಲಿ ಶನಿವಾರವಾಡೆಗೆ ಅಡಿಗಲ್ಲು ಹಾಕಿಸಿದ. ಎರಡು ವರ್ಷಕ್ಕೆ ಗೃಹಪ್ರವೇಶವಾಯಿತು. ಅಲ್ಲಿಯವರೆಗೆ ನದಿದಂಡೆಯ ಸಾಧಾರಣ ಕಸಬೆಯಾಗಿದ್ದ ಪುಣೆ ಮರಾಠಾ ಆಳ್ವಿಕೆಯ ಕೇಂದ್ರವಾಯಿತು. ಸರದಾರರು ವಾಡೆ ಕಟ್ಟಿಸಿದರು, ಸಾಹುಕಾರರು ಬಂದರು, ವಾರದ ಹೆಸರಿನ ಪೇಟೆಗಳು ಒಂದರ ಪಕ್ಕ ಒಂದು ಎದ್ದವು. ಬೇಸಿಗೆಗೆ ಬತ್ತುವ ಮುಠಾ ನದಿಯನ್ನೂ ಬಾವಿಗಳನ್ನೂ ನಂಬಿ ಇಷ್ಟು ಜನ ಬದುಕುವುದು ಕಷ್ಟವಿತ್ತು.

ಬಾಜೀರಾಯನ ಮಗ ಬಾಳಾಜಿ ಬಾಜೀರಾಯ, ಅಂದರೆ ನಾನಾಸಾಹೇಬ ಪೇಶ್ವೆ (ಆಳ್ವಿಕೆ 1740–1761), ಸುಮಾರು 1750ರ ಹೊತ್ತಿಗೆ ಕಾತ್ರಜದಲ್ಲಿ ಕೆರೆ ಕಟ್ಟಿಸುವ ಕೆಲಸಕ್ಕೆ ಕೈಹಾಕಿದ. ಕನ್ನಡಿಗರಿಗೆ ಈತ ಬೇರೊಂದು ಕಾರಣಕ್ಕೆ ಪರಿಚಿತ: 1756ರಲ್ಲಿ ಸವಣೂರಿಗೆ ಮುತ್ತಿಗೆ ಹಾಕಿದವನು ಇವನೇ. ದಕ್ಷಿಣಕ್ಕೆ ದಂಡೆತ್ತಿ ಬರುತ್ತಿದ್ದ ಅದೇ ವರ್ಷಗಳಲ್ಲಿ ಪುಣೆಗೆ ಕುಡಿಯುವ ನೀರನ್ನೂ ತಂದ. ನಮ್ಮ ಪಠ್ಯಪುಸ್ತಕಗಳಲ್ಲಿ ಮೊದಲನೆಯದಕ್ಕೆ ಸಿಕ್ಕ ಜಾಗ ಎರಡನೆಯದಕ್ಕೆ ಸಿಕ್ಕಿಲ್ಲ.

ಕೆರೆ ಒಂದಲ್ಲ, ಎರಡು. ಹಳ್ಳಕ್ಕೆ ಅಡ್ಡಲಾಗಿ ಮೇಲೊಂದು, ಕೆಳಗೊಂದು ಕಲ್ಲಿನ ಕಟ್ಟೆ. ಬೆಟ್ಟದ ನೀರು ಮೊದಲು ಮೇಲಿನ ಕೆರೆಯಲ್ಲಿ ನಿಲ್ಲುತ್ತದೆ. ಹೂಳು, ಎಲೆ, ಮಣ್ಣು ಅಲ್ಲಿ ತಳ ಹಿಡಿಯುತ್ತವೆ. ತಿಳಿಯಾದ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ಅಲ್ಲಿಂದ ಅದು ಕಾಲುವೆಯ ಬಾಯಿ ಹೊಗುತ್ತದೆ. ಇಂದಿನ ನೀರು ಶುದ್ಧೀಕರಣ ಘಟಕದಲ್ಲಿ ಮೊದಲ ಹಂತಕ್ಕೆ ಏನು ಮಾಡುತ್ತಾರೋ ಅದನ್ನೇ ಇಲ್ಲಿ ಎರಡು ಕಟ್ಟೆಗಳು ಮಾಡುತ್ತಿದ್ದವು.

ಕಾಲುವೆ ಎಂದೊಡನೆ ನಮಗೆ ತೆರೆದ ನಾಲೆ ನೆನಪಾಗುತ್ತದೆ. ಇದು ಹಾಗಲ್ಲ. ಕಲ್ಲು ಮತ್ತು ಸುಣ್ಣದ ಗಾರೆಯಿಂದ ಎರಡೂ ಪಕ್ಕ ಗೋಡೆ ಎತ್ತಿ, ಮೇಲೆ ಮುಚ್ಚಿದ ಸುರಂಗ. ಒಳಗೆ ಆಳೊಬ್ಬ ನಡೆದುಹೋಗುವಷ್ಟು ಎತ್ತರ. ಕಾತ್ರಜದಿಂದ ಶನಿವಾರವಾಡೆಯವರೆಗೆ ಸುಮಾರು ಎಂಟು ಕಿ.ಮೀ. ಉದ್ದಕ್ಕೆ ಎಲ್ಲೂ ಏತವಿಲ್ಲ, ರಾಟೆಯಿಲ್ಲ, ಎತ್ತಿನ ಕಪಿಲೆಯಿಲ್ಲ. ನೆಲ ಎಷ್ಟು ಇಳಿಯುತ್ತದೋ ಅದನ್ನು ಲೆಕ್ಕಹಾಕಿ ಕಾಲುವೆಯ ತಳವನ್ನು ಅಷ್ಟಷ್ಟೇ ಇಳಿಸುತ್ತ ಹೋಗಿದ್ದಾರೆ. ಇಳಿಜಾರು ಹೆಚ್ಚಾದರೆ ನೀರು ರಭಸಕ್ಕೆ ಗಾರೆ ಕೊರೆಯುತ್ತದೆ, ಕಡಿಮೆಯಾದರೆ ನಿಂತು ಪಾಚಿ ಕಟ್ಟುತ್ತದೆ. ಈ ಎರಡರ ನಡುವಣ ಹದ ಹಿಡಿದ ಗೌಂಡಿಗಳು ಯಾರೆಂದು ಯಾವ ಶಿಲೆಯ ಮೇಲೂ ಬರೆದಿಲ್ಲ.

ದಾರಿಯುದ್ದಕ್ಕೂ ಅಲ್ಲಲ್ಲಿ ಕಾಲುವೆಯಿಂದ ನೆಲದ ಮೇಲಕ್ಕೆ ಬಾವಿಯಂಥ ಕಿಂಡಿಗಳು ಎದ್ದಿವೆ. ಮರಾಠಿಯಲ್ಲಿ ಇವಕ್ಕೆ ಉಚ್ಛ್ವಾಸ ಎಂದೇ ಹೆಸರು. ಹೆಸರೇ ಕೆಲಸವನ್ನು ಹೇಳುತ್ತದೆ: ಮುಚ್ಚಿದ ಕಾಲುವೆಯೊಳಗೆ ಸಿಕ್ಕಿಕೊಂಡ ಗಾಳಿ ಈ ಕಿಂಡಿಯಿಂದ ಹೊರಬೀಳುತ್ತದೆ, ಇಲ್ಲದಿದ್ದರೆ ನೀರು ಮುಂದೆ ಸರಿಯದೆ ಕಟ್ಟಿಕೊಳ್ಳುತ್ತದೆ. ಹೂಳು ತೆಗೆಯಲು ಆಳು ಇಳಿಯುತ್ತಿದ್ದುದೂ ಇದರಲ್ಲೇ, ಸುತ್ತಲಿನವರು ಕೊಡ ಇಳಿಬಿಟ್ಟು ನೀರು ಸೇದುತ್ತಿದ್ದುದೂ ಇದರಲ್ಲೇ. ಇಂದು ಉಳಿದಿರುವ ಉಚ್ಛ್ವಾಸಗಳಲ್ಲಿ ಒಂದನ್ನು ಗುರುತಿಸುವುದು ಸುಲಭವಲ್ಲ. ಯಾವುದೋ ಸೊಸೈಟಿಯ ಕಾಂಪೌಂಡಿನಲ್ಲಿ ಹಳೆಯ ಕಲ್ಲುಕಟ್ಟಡವೊಂದು ಮೂಲೆಗೆ ಬಿದ್ದಿರುತ್ತದೆ, ಬಾಯಿಗೆ ಸಿಮೆಂಟಿನ ಚಪ್ಪಡಿ ಮುಚ್ಚಿರುತ್ತದೆ, ಅದರ ಮೇಲೆ ಹೂಕುಂಡ ಇಟ್ಟಿರುತ್ತಾರೆ. ಕೇಳಿದರೆ "ಜುನೀ ವಿಹೀರ್", ಹಳೇ ಬಾವಿ, ಎನ್ನುತ್ತಾರೆ. ಬಾವಿಯೆಂದರೂ ತಪ್ಪಲ್ಲ, ಆದರೆ ಅದರ ನೀರು ಆ ಜಾಗದ್ದಲ್ಲ.

ಹೌದುಗಳು

ಪೇಟೆ ಮುಟ್ಟಿದ ನೀರು ಹೌದುಗಳಿಗೆ ಬೀಳುತ್ತಿತ್ತು. ಹೌದ್ ಎಂದರೆ ಕಟ್ಟಿದ ನೀರಿನ ತೊಟ್ಟಿ. ಪುಣೆಯಲ್ಲಿ ಮೊದಲ ಸಲ "ಕಾಳಾ ಹೌದ್", "ಫಡ್ಕೆ ಹೌದ್" ಎಂಬ ಬಸ್ ನಿಲ್ದಾಣದ ಹೆಸರು ಕೇಳಿದ ಕನ್ನಡಿಗ, ಕಂಡಕ್ಟರು ಏನನ್ನೋ ಒಪ್ಪಿಕೊಳ್ಳುತ್ತಿದ್ದಾನೆ ಎಂದುಕೊಳ್ಳುವುದುಂಟು. ಶನಿವಾರವಾಡೆಯ ಒಳಗೂ ಈ ನೀರು ಹೋಗಿ ತೊಟ್ಟಿ ತುಂಬುತ್ತಿತ್ತು. ವಾಡೆಯ ಅಂಗಳದಲ್ಲಿ ಕಮಲದ ಆಕಾರದ ಹಜಾರಿ ಕಾರಂಜೆಯ ಕಲ್ಲುಕಟ್ಟು ಇಂದಿಗೂ ಇದೆ. ಹೆಸರಿಗೆ ಸಾವಿರದ ಚಿಲುಮೆ, ಎಣಿಸಿದರೆ 196. 1828ರ ಬೆಂಕಿಯಲ್ಲಿ ಮರದ ಮಹಡಿಗಳೆಲ್ಲ ಸುಟ್ಟುಹೋದವು. ಹಾಗಾಗಿ ಇಂದು ವಾಡೆಗೆ ಹೋದವರಿಗೆ ಕಾಣುವುದು ಕೋಟೆಗೋಡೆ, ಮೊಳೆ ಜಡಿದ ದಿಲ್ಲಿ ದರವಾಜೆ, ಅಡಿಪಾಯದ ಸಾಲುಗಳು ಮತ್ತು ನೀರಿನ ಏರ್ಪಾಟಿನ ಕುರುಹುಗಳು. ಸಿನಿಮಾ ನೋಡಿ ಬಂದವರಿಗೆ ನಿರಾಸೆಯಾಗುತ್ತದೆ. ನೀರಿನ ಜಾಡು ಹಿಡಿದು ಬಂದವರಿಗೆ ಆಗುವುದಿಲ್ಲ.

ಊರಿನ ಹೌದುಗಳಲ್ಲಿ ನಿಂತು ನೋಡಬೇಕಾದದ್ದು ಬುಧವಾರ ಪೇಟೆಯ ಬಾಹುಲಿ ಹೌದ್. ಬಾಹುಲಿ ಎಂದರೆ ಗೊಂಬೆ. ಜೋತಿಬಾ ಫುಲೆಯವರ ಸಂಗಡಿಗರಾಗಿದ್ದ ಡಾ. ವಿಶ್ರಾಮ ರಾಮಜಿ ಘೋಲೆ ತಮ್ಮ ಪುಟ್ಟ ಮಗಳು ಕಾಶೀಬಾಯಿಯ ನೆನಪಿಗೆ 1880ರ ಸುಮಾರಿಗೆ ಇದನ್ನು ಕಟ್ಟಿಸಿದರು. ತೊಟ್ಟಿಯ ಮೇಲೊಂದು ಹೆಣ್ಣುಮಗುವಿನ ಗೊಂಬೆ ಇತ್ತು, ಅದರಿಂದ ಈ ಹೆಸರು. ಗೊಂಬೆ ಈಗಿಲ್ಲ. ಮಗಳ ಹೆಸರಿರುವ ಮರಾಠಿ ಶಾಸನದ ಕಲ್ಲು ಉಳಿದಿದೆ. ಅಕ್ಷರಗಳ ಮೇಲೆ ಬಣ್ಣ ಬಳಿದೂ ಬಳಿದೂ ಅಂಚು ಮೊಂಡಾಗಿದೆ. ಬೆಳಗಿನ ಓರೆ ಬಿಸಿಲಿನಲ್ಲಾದರೆ ಓದಬಹುದು. ಮುಖ್ಯವಾದ ಸಂಗತಿ, ನೀರು ಯಾರ ಕೊಡಕ್ಕೆ ಬೀಳಬೇಕು ಎಂಬ ಪ್ರಶ್ನೆ ಆ ಕಾಲದ ಪುಣೆಯಲ್ಲಿ ಬಲು ದೊಡ್ಡದಾಗಿತ್ತು. 1868ರಲ್ಲಿ ಫುಲೆಯವರು ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದದ್ದು ಅದಕ್ಕೆ ಕೊಟ್ಟ ಉತ್ತರ. ಪೇಶ್ವೆಯ ಕಾಲುವೆ ಎಂಟು ಕಿ.ಮೀ. ದೂರದಿಂದ ನೀರು ತಂದಿತು ನಿಜ. ತೊಟ್ಟಿಯ ಅಂಚಿನಿಂದ ಎಲ್ಲರ ಕೊಡದವರೆಗಿನ ಒಂದು ಮೊಳದ ದೂರಕ್ಕೆ ಇನ್ನೂ ನೂರು ವರ್ಷಕ್ಕೂ ಮೇಲೆ ಹಿಡಿಯಿತು.

ಮುಂದೆ ಪೇಶ್ವೆಯರ ಮಂತ್ರಿ ನಾನಾ ಫಡ್ನವೀಸನ ಕಾಲದಲ್ಲಿ ನರ್ಹೆ–ಅಂಬೇಗಾಂವ್ ಕಡೆಯಿಂದ ಮತ್ತೊಂದು ಕಾಲುವೆ ಸದಾಶಿವ ಪೇಟೆಗೆ ಬಂತು. 1879ರಲ್ಲಿ ಮುಠಾ ನದಿಗೆ ಖಡಕವಾಸಲಾ ಅಣೆಕಟ್ಟು ಆದ ಮೇಲೆ ಕಾತ್ರಜದ ನೀರಿನ ಅಗತ್ಯ ಮೆಲ್ಲಗೆ ಇಳಿಯಿತು. ಕನ್ನಡ ಓದುಗರು ಖಡಕವಾಸಲಾವನ್ನು ಹಾಗೇ ದಾಟಿಹೋಗುವಂತಿಲ್ಲ. ಮೋಕ್ಷಗುಂಡಂ ವಿಶ್ವೇಶ್ವರಯ್ಯ ಓದಿದ್ದು ಪುಣೆಯ ವಿಜ್ಞಾನ ಕಾಲೇಜಿನಲ್ಲಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆ ಮುಗಿಸಿ ಮುಂದಿನ ವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಅವರು ರೂಪಿಸಿದ, ನೀರು ಏರಿದಾಗ ತಾನೇ ತೆರೆದು ಇಳಿದಾಗ ತಾನೇ ಮುಚ್ಚುವ ಬಾಗಿಲುಗಳನ್ನು 1903ರಲ್ಲಿ ಮೊದಲು ಕೂರಿಸಿದ್ದು ಖಡಕವಾಸಲಾದಲ್ಲಿ. ಕನ್ನಂಬಾಡಿಗೆ ಬಂದದ್ದು ಆಮೇಲೆ.

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಖಡಕವಾಸಲಾ ಕೂಡ ಕುಸಿದು ಪುಣೆಯ ನದಿದಂಡೆಯ ಪೇಟೆಗಳು ಮುಳುಗಿದವು. ನಲ್ಲಿ ಬತ್ತಿದ ಆ ದಿನಗಳಲ್ಲಿ ಜನ ಮತ್ತೆ ಹಳೆಯ ಹೌದುಗಳ ಮುಂದೆ ಸಾಲು ನಿಂತರು ಎಂದು ಹಳಬರು ಹೇಳುತ್ತಾರೆ. ನಂತರದ ದಶಕಗಳಲ್ಲಿ ಕಾತ್ರಜದ ಸುತ್ತ ಊರು ಬೆಳೆದು ಕೊಳಚೆ ಸೇರತೊಡಗಿತು. ಈಗ ಈ ನೀರು ಕುಡಿಯುವುದಕ್ಕಲ್ಲ. ಕಾಲುವೆಯ ಕೆಲವು ಭಾಗಗಳು ಕುಸಿದಿವೆ, ಕೆಲವು ಕಟ್ಟಡಗಳ ಅಡಿಪಾಯದ ಕೆಳಗೆ ಸೇರಿಹೋಗಿವೆ.

ನಮ್ಮಲ್ಲಿನ ನಂಟರು

ಕಾತ್ರಜದ ಕಾಲುವೆ ಒಂಟಿಯಲ್ಲ. ಔರಂಗಾಬಾದಿನಲ್ಲಿ ಮಲಿಕ್ ಅಂಬರ್ ಹದಿನೇಳನೆಯ ಶತಮಾನದ ಆರಂಭದಲ್ಲೇ ನೆಲದಡಿಯ ನಹರ್, ಅಂದರೆ ಕಾಲುವೆ, ಮಾಡಿಸಿದ್ದ. ಅದಕ್ಕೂ ಹಿಂದಿನವು ನಮ್ಮಲ್ಲೇ ಇವೆ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ, ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಸುರಂಗ ಕೊರೆದು ನೀರು ಹೊರತರುವ ಇರಾನಿನ ಕನಾತ್ ವಿದ್ಯೆ ಅಲ್ಲಿನ ಕುಶಲಿಗಳ ಸಂಗಡ ದಖ್ಖನಿಗೆ ಬಂದದ್ದರ ಗುರುತು ಅದು. ವಿಜಾಪುರದಲ್ಲಿ ತೊರವಿಯಿಂದಲೂ, 1651ರಲ್ಲಿ ಮುಹಮ್ಮದ್ ಆದಿಲಶಾಹ ಕಟ್ಟಿಸಿದ ಬೇಗಂ ತಾಲಾಬಿನಿಂದಲೂ ಊರಿಗೆ ನೀರು ಬರುತ್ತಿತ್ತು. ದಾರಿಯಲ್ಲಿ ಕೊಳವೆಯ ಒತ್ತಡ ಇಳಿಸಲು, ಹೂಳು ತಂಗಲು ಗಂಜ್ ಎಂಬ ಗೋಪುರಗಳಿದ್ದವು. ಇಂದಿಗೂ ಗೋಳಗುಮ್ಮಟದ ಊರಿನ ಸಂದಿಗೊಂದಿಗಳಲ್ಲಿ ಒಂಟಿ ಕಂಬದಂತೆ ನಿಂತ ಗಂಜ್‌ಗಳನ್ನು ನೋಡಿ ಜನ ಇದು ಯಾವುದೋ ಹಾಳು ಬುರುಜು ಎಂದುಕೊಳ್ಳುತ್ತಾರೆ. ಕಾಸರಗೋಡು, ಪುತ್ತೂರು, ಬಂಟ್ವಾಳಗಳ ಮುರಕಲ್ಲಿನ ಗುಡ್ಡಗಳಲ್ಲಿ ರೈತರೇ ಅಡ್ಡಡ್ಡಲಾಗಿ ಕೊರೆದ ಸುರಂಗಗಳು ಅಡಿಕೆ ತೋಟಕ್ಕೆ ಈಗಲೂ ನೀರುಣಿಸುತ್ತಿವೆ. ಅವಕ್ಕೆ ಪೇಶ್ವೆಯೂ ಇಲ್ಲ, ಸುಲ್ತಾನನೂ ಇಲ್ಲ.

ಇವನ್ನೆಲ್ಲ ಒಂದೇ ಎನ್ನುವುದು ಸರಿಯಲ್ಲ. ಕರೇಜ್ ಮತ್ತು ಸುರಂಗ ಅಂತರ್ಜಲವನ್ನು ಹುಡುಕಿ ಹೊರತರುತ್ತವೆ; ಕಾತ್ರಜ ಮತ್ತು ಬೇಗಂ ತಾಲಾಬು ಕಟ್ಟೆ ಹಾಕಿ ನಿಲ್ಲಿಸಿದ ಮಳೆನೀರನ್ನು ಸಾಗಿಸುತ್ತವೆ. ಆದರೂ ವಿಜಾಪುರದ ಗಂಜ್ ನೋಡಿದವರಿಗೆ ಕಾತ್ರಜದ ಉಚ್ಛ್ವಾಸ ತಟ್ಟನೆ ಅರ್ಥವಾಗುತ್ತದೆ. ಆದಿಲಶಾಹಿಯ ಚಾಕರಿಯಲ್ಲಿ ಬೆಳೆದ ಮನೆತನಗಳೇ ಮುಂದೆ ಮರಾಠಾ ರಾಜ್ಯ ಕಟ್ಟಿದ್ದರಿಂದ ನೀರಿನ ವಿದ್ಯೆಯೂ ಆ ದಾರಿಯಲ್ಲೇ ಹರಿದು ಬಂದಿರಬೇಕೆಂಬ ಊಹೆಗೆ ಎಡೆಯಿದೆ.

ಘಾಟಿಯ ಕಥೆಗಳು

1663ರ ಏಪ್ರಿಲ್ 5ರ ರಾತ್ರಿ ಶಿವಾಜಿ ಪುಣೆಯ ಲಾಲ್ ಮಹಲಿನಲ್ಲಿ ಬಿಡಾರ ಹೂಡಿದ್ದ ಮೊಗಲ ಸರದಾರ ಶಾಯಿಸ್ತಾಖಾನನ ಮೇಲೆ ಬಿದ್ದು ಅವನ ಬೆರಳು ಕತ್ತರಿಸಿದ. ಮುಂದಿನ ಭಾಗ ಕಾತ್ರಜದ್ದು. ಘಾಟಿಯ ಮೇಲೆ ಮರಗಳಿಗೂ ಎತ್ತುಗಳ ಕೊಂಬುಗಳಿಗೂ ಪಂಜು ಕಟ್ಟಿ ಹೊತ್ತಿಸಿದರು. ಶಿವಾಜಿಯ ದಂಡು ಆ ಕಡೆ ಓಡುತ್ತಿದೆ ಎಂದು ಮೊಗಲರು ಕಾತ್ರಜಕ್ಕೆ ಬೆನ್ನಟ್ಟಿ ಬಂದರೆ ಸಿಕ್ಕಿದ್ದು ಎತ್ತುಗಳು. ಅಷ್ಟರಲ್ಲಿ ಶಿವಾಜಿ ಸಿಂಹಗಡದ ದಾರಿ ಹಿಡಿದಿದ್ದ. ದಾಳಿ ಚರಿತ್ರೆ, ಪಂಜಿನೆತ್ತುಗಳು ಐತಿಹ್ಯ. ಎತ್ತಿನ ಕೊಂಬಿಗೆ ಬೆಂಕಿ ಕಟ್ಟಿ ಶತ್ರುವನ್ನು ದಾರಿ ತಪ್ಪಿಸಿದ ಕಥೆ ಕಾರ್ಥೇಜಿನ ಹ್ಯಾನಿಬಾಲನ ಬಗೆಗೂ ಇದೆ. ಆದರೆ ಕಾತ್ರಜ ಚೌಕದಲ್ಲಿ ನಿಂತು ರಾತ್ರಿ ದಕ್ಷಿಣಕ್ಕೆ ನೋಡಿದರೆ, ಘಾಟಿ ಹತ್ತುವ ಲಾರಿಗಳ ದೀಪಗಳು ಒಂದರ ಹಿಂದೊಂದು ತೂಗಾಡುತ್ತ ಮೇಲೇರುವುದು ಕಾಣುತ್ತದೆ. ಈ ಕಥೆ ಈ ಜಾಗಕ್ಕೆ ಏಕೆ ಅಂಟಿಕೊಂಡಿತು ಎಂಬುದು ಆಗ ತಿಳಿಯುತ್ತದೆ.

ಹಳೆಯ ಸುರಂಗದ ಮೇಲಿನ ವಾಘಜಾಯಿ ಗುಡಿಯಿಂದ ಸಿಂಹಗಡದವರೆಗೆ ಬೆಟ್ಟದ ನೆತ್ತಿಯ ಮೇಲೇ ಕಾಲುದಾರಿ ಇದೆ. ಹುಣ್ಣಿಮೆಯ ಹಿಂದುಮುಂದಿನ ರಾತ್ರಿಗಳಲ್ಲಿ ಚಾರಣಿಗರ ತಂಡಗಳು ಟಾರ್ಚು ಹಿಡಿದು ಹೊರಡುತ್ತವೆ. ಹತ್ತಿಳಿಯಬೇಕಾದ ಗುಡ್ಡಗಳು ಹದಿಮೂರು ಎನ್ನುವುದು ವಾಡಿಕೆಯ ಲೆಕ್ಕ. ಎಂಟನೆಯದರ ಮೇಲೆ ಎಣಿಕೆ ತಪ್ಪುತ್ತದೆ. ಬೆಳಗಾಗುವ ಹೊತ್ತಿಗೆ ಕೋಟೆ ಮುಟ್ಟಿದರೆ ಮಡಕೆಯ ಮೊಸರು, ಪಿಠ್ಲ–ಭಾಕರಿ ಸಿಗುತ್ತವೆ. ನಮ್ಮ ಉತ್ತರ ಕರ್ನಾಟಕದ ಝುಣಕದ ಅಣ್ಣತಮ್ಮ ಈ ಪಿಠ್ಲ, ಪರಿಚಯ ಮಾಡಿಕೊಡಬೇಕಿಲ್ಲ.

ಸಿಂಹಗಡದ ಹಳೆಯ ಹೆಸರು ಕೊಂಢಾಣಾ. 1670ರ ಫೆಬ್ರವರಿಯಲ್ಲಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟು ಗೆದ್ದ ಕೋಟೆ ಎಂದೇ ಎಲ್ಲರೂ ಬಲ್ಲರು. ಕನ್ನಡಿಗರು ಅಲ್ಲಿ ಇನ್ನೊಂದು ಕಲ್ಲಿನ ಮುಂದೆ ನಿಲ್ಲಬೇಕು: ಅದು ಶಿವಾಜಿಯ ಕಿರಿಯ ಮಗ ರಾಜಾರಾಮನ ಸಮಾಧಿ. 1689ರಲ್ಲಿ ಔರಂಗಜೇಬನ ದಂಡು ಬೆನ್ನಟ್ಟಿದಾಗ ಜಿಂಜಿಗೆ ತಪ್ಪಿಸಿಕೊಂಡು ಹೊರಟ ಈ ರಾಜಾರಾಮನಿಗೆ ಆಸರೆ ಕೊಟ್ಟು ದಾರಿ ಮಾಡಿಕೊಟ್ಟವಳು ಕೆಳದಿಯ ಚೆನ್ನಮ್ಮ. ಹನ್ನೊಂದು ವರ್ಷದ ನಂತರ, 1700ರಲ್ಲಿ, ಅವನು ಸತ್ತದ್ದು ಇಲ್ಲಿ. ಸಾಗರ ತಾಲೂಕಿನ ಕೆಳದಿ ನೋಡಿ ಬಂದವರಿಗೆ ಆ ಕಥೆಯ ಕೊನೆ ಸಿಗುವುದು ಈ ಬೆಟ್ಟದ ಮೇಲೆ.

ಕಾತ್ರಜ ದಾಟಿದ ಮೇಲೆ

ಚರಿತ್ರೆ ನೋಡಲು ಊರು ಬಿಟ್ಟು ಹೊರಟ ಕನ್ನಡಿಗನಿಗೆ ಪುಣೆ ಸುತ್ತಮುತ್ತ ಪರದೇಶ ಅನ್ನಿಸುವುದೇ ಕಷ್ಟ. ಊರಿನ ಹೆಸರು ಮೊದಲು ಕಾಣಿಸಿಕೊಳ್ಳುವುದೇ ಮಾನ್ಯಖೇಟದ ಮನೆತನದ ತಾಮ್ರಶಾಸನಗಳಲ್ಲಿ: ರಾಷ್ಟ್ರಕೂಟ ಒಂದನೆಯ ಕೃಷ್ಣನ 758 ಮತ್ತು 768ರ ಶಾಸನಗಳು ಈ ಸೀಮೆಯನ್ನು ಪುಣ್ಯ ವಿಷಯ, ಪುಣಕ ವಿಷಯ ಎಂದು ಕರೆಯುತ್ತವೆ. ಎಲ್ಲೋರದ ಕೈಲಾಸವನ್ನು ಕಡೆಸಿದವನು ಇದೇ ಕೃಷ್ಣ. ಆ ಕಾಲದ್ದೇ ಆದ ಪಾತಾಳೇಶ್ವರ ಗುಹೆ ಪುಣೆಯ ನಡುಮಧ್ಯೆ, ಜಂಗಲಿ ಮಹಾರಾಜ ರಸ್ತೆಯ ಗದ್ದಲದ ಪಕ್ಕದಲ್ಲಿದೆ. ಮೆಟ್ಟಿಲಿಳಿದರೆ ಒಂದೇ ಬಂಡೆಯಲ್ಲಿ ಕೊರೆದ ಗರ್ಭಗುಡಿಗಳು, ಅಂಗಳದಲ್ಲಿ ದುಂಡನೆಯ ನಂದಿ ಮಂಟಪ. ಒಳಗಿನ ಕಂಬಗಳು ಅಲಂಕಾರವಿಲ್ಲದೆ ಬೋಳಾಗಿವೆ, ಕೆಲಸ ಅರ್ಧಕ್ಕೆ ನಿಂತದ್ದರ ಗುರುತು ಎಲ್ಲ ಕಡೆ ಇದೆ. ಎಲ್ಲೋರದಲ್ಲಿ ಮುಗಿದ ಕೆಲಸ ಕಾಣುತ್ತದೆ, ಇಲ್ಲಿ ಕೆಲಸ ನಡೆಯುತ್ತಿದ್ದ ಬಗೆ ಕಾಣುತ್ತದೆ. ನನ್ನ ಮಟ್ಟಿಗೆ ಪಾತಾಳೇಶ್ವರದ ಸೊಗಸು ಇರುವುದೇ ಇದರಲ್ಲಿ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಲೋಣಾವಳದ ಹತ್ತಿರದ ಕಾರ್ಲೆಗೆ ಹೋಗಬೇಕು. ಭಾರತದಲ್ಲಿ ಬಂಡೆ ಕೊರೆದು ಮಾಡಿದ ಚೈತ್ಯಗಳಲ್ಲಿ ಅತಿ ದೊಡ್ಡದು ಅಲ್ಲಿಯದು. ಎರಡು ಸಾವಿರ ವರ್ಷದ ಹಿಂದಿನ ಮರದ ಪಕ್ಕೆಗಳು ಇನ್ನೂ ಕಮಾನು ಚಾವಣಿಯಲ್ಲಿವೆ. ಅಲ್ಲಿನ ಬ್ರಾಹ್ಮೀ ಶಾಸನವೊಂದರ ಪ್ರಕಾರ ಈ ಶಿಲಾಗೃಹವನ್ನು ಮಾಡಿ ಮುಗಿಸಿದವನು ವೈಜಯಂತಿಯ ಶೆಟ್ಟಿ ಭೂತಪಾಲ, ಇದು ಜಂಬೂದ್ವೀಪದಲ್ಲೇ ಮೇಲಾದದ್ದು ಎಂದೂ ಅವನು ಹೇಳಿಸಿಕೊಂಡಿದ್ದಾನೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಕಂಬಗಳ ಮೇಲೆ ಯವನ ದಾನಿಗಳ ಹೆಸರುಗಳೂ ಇವೆ. ವರದೆಯ ದಂಡೆಯ ವ್ಯಾಪಾರಿ ಮತ್ತು ಸಮುದ್ರದಾಚೆಯ ಮೂಲದವರು ಒಂದೇ ಚಾವಣಿಯ ಕೆಳಗೆ ಹೆಸರು ಕೆತ್ತಿಸಿದ್ದಾರೆ. ಇಂದಿನ ಪ್ರವಾಸಿಗರೂ ಕಂಬದ ಮೇಲೆ ಹೆಸರು ಗೀಚುತ್ತಾರೆ, ಆದರೆ ಏನನ್ನೂ ದಾನ ಮಾಡದೆ.

ಇದರ ಜೊತೆಗಾರ ಸಾಕ್ಷ್ಯ ದಾರಿಯ ಆಚೆ ತುದಿಯಲ್ಲಿದೆ. ಕೊಲ್ಲಾಪುರದ ಪಂಚಗಂಗೆಯ ದಂಡೆಯ ಬ್ರಹ್ಮಪುರಿಯಲ್ಲಿ 1940ರ ದಶಕದಲ್ಲಿ ಸಿಕ್ಕ ಕಂಚಿನ ವಸ್ತುಗಳಲ್ಲಿ ಸಮುದ್ರದೇವತೆ ಪೊಸೈಡನ್ನನ ಪುಟ್ಟ ವಿಗ್ರಹವೂ ಇತ್ತು. ರೋಮನ್ ಜಗತ್ತಿನಿಂದ ಬಂದ ಆ ಗಡ್ಡದ ದೇವರನ್ನು ಕೊಲ್ಲಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಅದೇ ಊರಿನ ರಾಜಾರಾಮ ಕಾಲೇಜಿನಲ್ಲಿದ್ದ ಕನ್ನಡ ವಿದ್ವಾಂಸ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಪ್ರಕಟಿಸಿದ್ದರು. ಬಸ್ಸಿನವರು ಊಟಕ್ಕೆ ನಿಲ್ಲಿಸುವ ಊರು ಇದು.

ಪುಣೆಯ ಇನ್ನೊಂದು ಆಸ್ತಿ ಅಗೆಯುವ, ಓದುವ ಸಂಸ್ಥೆಗಳು. ಭಾರತ ಇತಿಹಾಸ ಸಂಶೋಧಕ ಮಂಡಲ 1910ರಲ್ಲಿ, ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ 1917ರಲ್ಲಿ ಹುಟ್ಟಿದವು. 1939ರಲ್ಲಿ ಸಂಶೋಧನ ಸಂಸ್ಥೆಯಾಗಿ ಮರುಹುಟ್ಟು ಪಡೆದ ಡೆಕ್ಕನ್ ಕಾಲೇಜಿಗೆ ಪುರಾತತ್ವಜ್ಞ ಎಚ್. ಡಿ. ಸಾಂಕಳಿಯಾ ಬಂದ ಮೇಲೆ ಇಲ್ಲಿಂದ ಹೊರಟ ತಂಡಗಳು ಕರ್ನಾಟಕದ ಪ್ರಾಗಿತಿಹಾಸದ ಅರ್ಧ ಪಾಲನ್ನು ಬರೆದವು ಎಂದರೂ ಸಲ್ಲುತ್ತದೆ. ಬಿ. ಸುಬ್ಬರಾವ್ ಬಳ್ಳಾರಿ ಸೀಮೆಯ ಸಂಗನಕಲ್ಲನ್ನು ಅಗೆದರು, ಎಂ. ಎಸ್. ನಾಗರಾಜರಾವ್ ತೆಕ್ಕಲಕೋಟೆಯನ್ನು ಅಗೆದು ಮುಂದೆ ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾದರು, ಕೆ. ಪದ್ದಯ್ಯ ಹುಣಸಗಿ–ಬೈಚಬಾಳ ಕಣಿವೆಯಲ್ಲಿ ದಶಕಗಟ್ಟಲೆ ನಡೆದಾಡಿ ಈಸಾಂಪುರದಲ್ಲಿ ಆದಿಮಾನವರು ಕಲ್ಲು ಒಡೆದು ಆಯುಧ ಮಾಡುತ್ತಿದ್ದ ಕಾರ್ಖಾನೆಯನ್ನೇ ಬಯಲಿಗೆ ತಂದರು. ಅದರ ವಯಸ್ಸು ಹತ್ತು ಲಕ್ಷ ವರ್ಷಕ್ಕೂ ಹೆಚ್ಚೆಂದು ಲೆಕ್ಕ.

ಈ ದಾರಿಯಲ್ಲಿ ಕಣ್ಣು ತೆರೆದುಕೊಂಡು ಮರಳಿದವರಲ್ಲಿ ಮೊದಲ ಹೆಸರು ಆಲೂರು ವೆಂಕಟರಾಯರದು. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದುವಾಗ ಮರಾಠರು ತಮ್ಮ ಚರಿತ್ರೆಯನ್ನು ಹೇಗೆ ಹುಡುಕಿ ಬರೆದು ಹಬ್ಬ ಮಾಡುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡರು. 1905ರಲ್ಲಿ ಹಂಪೆಗೆ ಹೋದರು. 1917ರಲ್ಲಿ 'ಕರ್ನಾಟಕ ಗತವೈಭವ' ಬಂತು. ಹಂಪೆಯ ಹಾಳು ಅವರ ಮನಸ್ಸನ್ನು ಕಲಕಿತು ಎಂದು ಎಲ್ಲರೂ ಬರೆಯುತ್ತಾರೆ. ಆ ಹಾಳನ್ನು ಹಾಗೆ ನೋಡುವ ಅಭ್ಯಾಸ ಪುಣೆಯಲ್ಲಿ ಆದದ್ದು ಎಂಬುದನ್ನೂ ಸೇರಿಸಬೇಕು.

ಇಂದಿನ ಕಾತ್ರಜ

ಇಂದು ಪುಣೆಯವರಿಗೆ ಕಾತ್ರಜ ಎಂದರೆ ಹಾಲು ಮತ್ತು ಹಾವು. ಜಿಲ್ಲಾ ಸಹಕಾರಿ ಹಾಲು ಒಕ್ಕೂಟದ ಡೇರಿ ಇಲ್ಲಿದೆ, 'ಕಾತ್ರಜ್' ಎಂಬುದೇ ಅದರ ಹಾಲಿನ ಹೆಸರು. 1986ರಲ್ಲಿ ನೀಲಿಮಕುಮಾರ್ ಖೈರೆ ಮುಂದಾಗಿ ಶುರುಮಾಡಿದ ಸರ್ಪೋದ್ಯಾನ 1999ರಲ್ಲಿ ತೆರೆದ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯದ ಭಾಗವಾಗಿದೆ, ನಗರದೊಳಗಿನ ಹಳೆಯ ಪೇಶ್ವೆ ಪಾರ್ಕಿನ ಪ್ರಾಣಿಗಳೂ ಇಲ್ಲಿಗೆ ಬಂದವು. ಕೆಳಗಿನ ಕೆರೆ ಇದೇ ಆವರಣದಲ್ಲಿದೆ. ಬಿಳಿ ಹುಲಿಯ ಪಂಜರದ ಮುಂದೆ ಜಾತ್ರೆ, ಕೆರೆಯ ಕಟ್ಟೆಯ ಮುಂದೆ ಯಾರೂ ಇಲ್ಲ. 2006ರ ಡಿಸೆಂಬರಿನಲ್ಲಿ ಬಸ್ಸುಗಳಿಗೇ ಮೀಸಲಾದ ಪ್ರಾಯೋಗಿಕ ಪಥ ಕಾತ್ರಜ–ಸ್ವಾರ್ಗೇಟ್ ರಸ್ತೆಯಲ್ಲಿ ಓಡತೊಡಗಿತು. 2019ರ ಸೆಪ್ಟೆಂಬರ್ 25ರ ರಾತ್ರಿ ಬೆಟ್ಟದ ಮೇಲೆ ಸುರಿದ ಮಳೆಗೆ ಆಂಬಿಲ್ ಓಢಾ ಉಕ್ಕಿ ದಡದ ವಸತಿಗಳಿಗೆ ನುಗ್ಗಿತು, ಜನ ಸತ್ತರು. ಹಳ್ಳವನ್ನು ಕಿರಿದು ಮಾಡಿ ಕಟ್ಟಿದ ಗೋಡೆಗಳನ್ನು ನೀರು ಮೊದಲು ಒಡೆಯಿತು. 2024ರ ಆಗಸ್ಟ್‌ನಲ್ಲಿ ಸ್ವಾರ್ಗೇಟ್‌ನಿಂದ ಕಾತ್ರಜದವರೆಗೆ 5.46 ಕಿ.ಮೀ. ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮಾರ್ಗ ಪೂರ್ತಿ ನೆಲದಡಿಯದು. ಪೇಶ್ವೆಯ ನೀರು ಹೋದ ದಿಕ್ಕಿನಲ್ಲೇ, ಅದಕ್ಕಿಂತ ಬಹಳ ಆಳದಲ್ಲಿ.

ಕೆರೆ ನೋಡಲು ಮಳೆಗಾಲ ಮುಗಿದ ಅಕ್ಟೋಬರಿನಿಂದ ಜನವರಿಯವರೆಗೆ ಒಳ್ಳೆಯ ಕಾಲ. ಪ್ರಾಣಿಸಂಗ್ರಹಾಲಯಕ್ಕೆ ಬುಧವಾರ ರಜೆ. ಬೆಳಗ್ಗೆ ಕೆರೆಯ ಕಟ್ಟೆಯಿಂದ ಹೊರಟು, ಪಾರ್ವತಿ ಗುಡ್ಡ ಹತ್ತಿಳಿದು, ಮಧ್ಯಾಹ್ನ ಬಾಹುಲಿ ಹೌದ್ ನೋಡಿ, ಸಂಜೆ ಶನಿವಾರವಾಡೆಯ ಕಾರಂಜೆಯ ಬಳಿ ಮುಗಿಸಿದರೆ ನೀರು ನಡೆದ ದಾರಿಯನ್ನು ಅದರ ದಿಕ್ಕಿನಲ್ಲೇ ನಡೆದಂತಾಗುತ್ತದೆ. ಉಚ್ಛ್ವಾಸಗಳನ್ನು ಹುಡುಕುವವರು ಹಳೆಯ ವಠಾರಗಳಲ್ಲಿ ವಯಸ್ಸಾದವರನ್ನು ಕೇಳಬೇಕು, "ಜುನೀ ವಿಹೀರ್ ಕುಠೆ ಆಹೆ?", ಹಳೇ ಬಾವಿ ಎಲ್ಲಿದೆ ಎಂದು.